ನಿಘಂಟುಕಾರ ನೋವಾ ವೆಬ್‌ಸ್ಟರ್

ಕನ್ನಡವನ್ನು ಓದಲು ಕಲಿತ ಬಾಲಕನಿಗೆ ಎಷ್ಟೇ ದೀರ್ಘವಾದ ಪದ ಎದುರಾದರೂ ಅಂಜಿಕೆಯಿಲ್ಲ. ಬರೆದಿರುವ ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಉಚ್ಚರಿಸುತ್ತ ಹೋದರೆ ಪದವು ತಾನಾಗಿಯೇ ಬಾಯಿಗೆ ಬರುತ್ತದೆ. ಇಂಗ್ಲಿಷಿನ ಸ್ಥಿತಿ ಹೀಗಲ್ಲ. ಅಲ್ಲಿ ಒಂದೊಂದು ಅಕ್ಷರಕ್ಕೆ ಹಲವು ಧ್ವನಿಗಳು. ಒಂದೊಂದು ಧ್ವನಿಗೆ ಹಲವು ಅಕ್ಷರಗಳು. ಪದವನ್ನು ಎಲ್ಲಿ ಬಿಡಿಸಬೇಕು, ಅದರ ಯಾವ ಭಾಗವನ್ನು ಒತ್ತಿ ನುಡಿಯಬೇಕು ಎಂಬುದು ಬರವಣಿಗೆಯಿಂದ ಗೊತ್ತಾಗುವುದಿಲ್ಲ. 'ರೆಕಾರ್ಡ್' ಎಂಬ ಪದದ ಮೊದಲ ಭಾಗವನ್ನು ಒತ್ತಿ ನುಡಿದರೆ ಅದು ದಾಖಲೆಯೆಂಬ ನಾಮಪದ. ಎರಡನೆಯ ಭಾಗವನ್ನು ಒತ್ತಿದರೆ ದಾಖಲಿಸುವುದೆಂಬ ಕ್ರಿಯಾಪದ. ಪದವು ಉದ್ದವಾದಷ್ಟೂ, ಅಪರೂಪವಾದಷ್ಟೂ ಈ ತೊಡಕು ಹೆಚ್ಚುತ್ತದೆ. ಇಂಗ್ಲಿಷ್ ಭಾಷೆಯನ್ನೇ ಮನೆಯಲ್ಲಿ ಆಡುವ ಮಕ್ಕಳಿಗೂ ಓದು ಕಲಿಯುವಾಗ ಈ ಕಷ್ಟ ತಪ್ಪಿದ್ದಲ್ಲ. ಈ ಕಷ್ಟವನ್ನು ಕಣ್ಣಾರೆ ಕಂಡು, ಅದನ್ನು ಹಗುರಗೊಳಿಸಲು ಆಯುಷ್ಯದ ಬಹುಭಾಗವನ್ನು ಮುಡಿಪಾಗಿಟ್ಟವನು ಅಮೆರಿಕದ ಶಾಲಾಮಾಸ್ತರ ನೋವಾ ವೆಬ್‌ಸ್ಟರ್.

ವೆಬ್‌ಸ್ಟರನು 1758ನೆಯ ಇಸವಿ ಅಕ್ಟೋಬರ್ 16ರಂದು ಕನೆಕ್ಟಿಕಟ್ ಪ್ರಾಂತ್ಯದ ಹಾರ್ಟ್‌ಫರ್ಡ್ ಪಟ್ಟಣದ ಪಶ್ಚಿಮ ಭಾಗದಲ್ಲಿ ಜನಿಸಿದನು. ಆಗ ಅದು ಬ್ರಿಟಿಷರ ಆಳ್ವಿಕೆಗೆ ಒಳಪಟ್ಟ ವಸಾಹತು. ತಂದೆ ಸಾಧಾರಣ ಸ್ಥಿತಿಯ ರೈತ. ಮಗನಿಗೆ ಹೊಲದ ಕೆಲಸಕ್ಕಿಂತ ಪುಸ್ತಕದ ಮೇಲೆಯೇ ಒಲವು ಹೆಚ್ಚೆಂಬುದನ್ನು ಕಂಡು, ತಂದೆಯು ತನ್ನ ಜಮೀನನ್ನು ಅಡವಿಟ್ಟು ಅವನನ್ನು ಯೇಲ್ ಕಾಲೇಜಿಗೆ ಕಳುಹಿಸಿದನು. ವೆಬ್‌ಸ್ಟರನು 1774ರಲ್ಲಿ ಕಾಲೇಜನ್ನು ಸೇರಿದ ಮರುವರ್ಷವೇ ಅಮೆರಿಕದ ಸ್ವಾತಂತ್ರ್ಯ ಸಮರ ಆರಂಭವಾಯಿತು. ಆ ಗೊಂದಲದ ನಡುವೆಯೇ ಅವನು 1778ರಲ್ಲಿ ಪದವಿಯನ್ನು ಪಡೆದು ಮನೆಗೆ ಹಿಂದಿರುಗಿದನು. ತಂದೆಯ ಕೈ ಬರಿದಾಗಿತ್ತು. ಅವನು ಮಗನ ಕೈಗೆ ಎಂಟು ಡಾಲರಿನ ಒಂದು ಕಾಗದದ ನೋಟನ್ನು ಕೊಟ್ಟು, ಇನ್ನು ಮುಂದೆ ನಿನ್ನ ದಾರಿಯನ್ನು ನೀನೇ ನೋಡಿಕೊಳ್ಳಬೇಕೆಂದು ತಿಳಿಸಿದನು. ಯುದ್ಧಕಾಲದ ಬೆಲೆಯೇರಿಕೆಯಿಂದ ಆ ನೋಟಿಗೆ ಬರೆದಷ್ಟು ಬೆಲೆಯೂ ಇರಲಿಲ್ಲ. ಇಪ್ಪತ್ತು ವರ್ಷದ ತರುಣನು ಮೂರು ದಿನಗಳ ಕಾಲ ಕೋಣೆಯಿಂದ ಹೊರಬರದೆ, ಇಂಗ್ಲೆಂಡಿನ ವಿದ್ವಾಂಸ ಸ್ಯಾಮ್ಯುಯೆಲ್ ಜಾನ್‌ಸನ್ನನ ಪ್ರಬಂಧಗಳನ್ನು ಓದುತ್ತ ಕುಳಿತನು. ಅನಂತರ ಧೈರ್ಯ ತಂದುಕೊಂಡು ಹೊರಟನು. ಅವನಿಗೆ ತೆರೆದಿದ್ದ ಬಾಗಿಲು ಉಪಾಧ್ಯಾಯ ವೃತ್ತಿಯೊಂದೇ.

ಅವನು ಪಾಠ ಹೇಳುತ್ತಲೇ ಕಾನೂನು ವ್ಯಾಸಂಗ ಮಾಡಿ 1781ರಲ್ಲಿ ವಕೀಲನಾದನು. ಆದರೆ ಯುದ್ಧದಿಂದ ಬಳಲಿದ ನಾಡಿನಲ್ಲಿ ಹೊಸ ವಕೀಲನನ್ನು ಹುಡುಕಿಕೊಂಡು ಬರುವ ಕಕ್ಷಿಗಾರರು ಎಲ್ಲಿ? 1782ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದ ಗೋಷನ್ ಎಂಬ ಊರಿನಲ್ಲಿ ಅವನು ಮತ್ತೆ ಶಾಲೆಯನ್ನು ನಡೆಸತೊಡಗಿದನು. ಆ ಕಾಲದ ಹಳ್ಳಿಯ ಶಾಲೆಗಳೆಂದರೆ ಒಂದೇ ಕೋಣೆ. ಬೇರೆಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕಿಕ್ಕಿರಿದು ಕುಳಿತಿರುತ್ತಿದ್ದರು. ಪುಸ್ತಕಗಳು ಅತಿ ವಿರಳ. ಓದು ಕಲಿಸಲು ಇದ್ದದ್ದು ಬಹುಮಟ್ಟಿಗೆ ಇಂಗ್ಲೆಂಡಿನ ಥಾಮಸ್ ಡಿಲ್‌ವರ್ತನು ಬರೆದ ಕಾಗುಣಿತದ ಪುಸ್ತಕ. ಅದರಲ್ಲಿ ಇಂಗ್ಲೆಂಡಿನ ಊರುಗಳ ಹೆಸರುಗಳಿದ್ದವು, ಅಮೆರಿಕದ ಊರುಗಳಿರಲಿಲ್ಲ. ಆದರೆ ವೆಬ್‌ಸ್ಟರನ ಮನಸ್ಸನ್ನು ಹೆಚ್ಚು ಕಾಡಿದ ದೋಷವು ಬೇರೊಂದು. ಆ ಪುಸ್ತಕದಲ್ಲಿ ಪದಗಳನ್ನು ಬಿಡಿಸಿದ್ದ ಕ್ರಮಕ್ಕೂ ಮಕ್ಕಳು ಮನೆಯಲ್ಲಿ ಆಡುತ್ತಿದ್ದ ಮಾತಿಗೂ ಹೊಂದಿಕೆಯೇ ಇರಲಿಲ್ಲ.

ಒಂದು ಸ್ವರವನ್ನು ಆಶ್ರಯಿಸಿ ಒಂದೇ ಪ್ರಯತ್ನದಲ್ಲಿ ಉಚ್ಚಾರವಾಗುವ ಪದದ ಭಾಗಕ್ಕೆ ಉಚ್ಚಾರಾಂಶವೆಂದು ಹೆಸರು. ಅಂತಹ ಭಾಗಗಳಲ್ಲಿ ಒಂದನ್ನು ಉಳಿದವುಗಳಿಗಿಂತ ಬಲವಾಗಿ ನುಡಿಯುವುದಕ್ಕೆ ಸ್ವರಾಘಾತವೆಂದು ಹೆಸರು. ಹಿಂದಿನ ಪಂಡಿತರು ಇಂಗ್ಲಿಷ್ ಪದಗಳನ್ನು ಲ್ಯಾಟಿನ್ ವ್ಯಾಕರಣದ ನಿಯಮಕ್ಕೆ ಅನುಸಾರವಾಗಿ ಬಿಡಿಸುತ್ತಿದ್ದರು. ಎರಡು ಸ್ವರಗಳ ನಡುವೆ ಒಂದು ವ್ಯಂಜನ ಬಂದರೆ ಅದು ಮುಂದಿನ ಭಾಗಕ್ಕೆ ಸೇರತಕ್ಕದ್ದೆಂಬುದು ಆ ನಿಯಮ. ಅದರಂತೆ ಅಭ್ಯಾಸವೆಂಬ ಅರ್ಥದ 'ಹ್ಯಾಬಿಟ್' ಎಂಬ ಪದದಲ್ಲಿ 'ಬಿ' ಎಂಬ ಅಕ್ಷರವು ಎರಡನೆಯ ಭಾಗಕ್ಕೆ ಹೋಗಿ, ಮೊದಲ ಭಾಗದಲ್ಲಿ 'ಹೆಚ್' ಮತ್ತು 'ಎ' ಮಾತ್ರ ಉಳಿಯುತ್ತಿದ್ದವು. ಇದನ್ನು ನೋಡಿದ ಮಗು 'ಹೇ–ಬಿಟ್' ಎಂದು ಓದಿದರೆ ಅದು ಮಗುವಿನ ತಪ್ಪಾಗುತ್ತಿತ್ತೇ? ಗೊಂಚಲೆಂಬ ಅರ್ಥದ 'ಕ್ಲಸ್ಟರ್' ಇದೇ ರೀತಿಯಲ್ಲಿ 'ಕ್ಲೂ–ಸ್ಟರ್' ಆಗುತ್ತಿತ್ತು. ರಾಷ್ಟ್ರವೆಂಬ ಅರ್ಥದ 'ನೇಷನ್' ಎಂಬ ಪದವು ನಾಲಗೆಯ ಮೇಲೆ ಎರಡೇ ಭಾಗವಾದರೂ, ಪುಸ್ತಕದಲ್ಲಿ ಅದನ್ನು ಮೂರು ತುಂಡುಗಳಾಗಿ ಕತ್ತರಿಸಿ ಕಲಿಸುತ್ತಿದ್ದರು. ಮಗುವು ಮೊದಲು ತಪ್ಪಾಗಿ ಬಿಡಿಸುವುದನ್ನು ಕಲಿತು, ಆಮೇಲೆ ಅದನ್ನು ಮರೆತು ಸರಿಯಾಗಿ ನುಡಿಯುವುದನ್ನು ಕಲಿಯಬೇಕಾಗಿತ್ತು.

ವೆಬ್‌ಸ್ಟರನು ಈ ಕ್ರಮವನ್ನು ತಿರುವುಮುರುವು ಮಾಡಿದನು. ಪದವನ್ನು ಹೇಗೆ ನುಡಿಯುತ್ತಾರೋ ಹಾಗೆಯೇ ಬಿಡಿಸಬೇಕೆಂಬುದು ಅವನ ಸೂತ್ರ. ಒತ್ತಿ ನುಡಿಯುವ ಸ್ವರವು ಹ್ರಸ್ವವಾಗಿದ್ದರೆ ಅದರ ಮುಂದಿನ ವ್ಯಂಜನವು ಅದರೊಡನೆಯೇ ನಿಲ್ಲಬೇಕು. ಆಗ 'ಹ್ಯಾಬ್–ಇಟ್', 'ಕ್ಲಸ್–ಟರ್', 'ಬಿಷ್–ಅಪ್' ಎಂಬ ವಿಭಾಗ ಸಿದ್ಧಿಸುತ್ತದೆ. 'ನೇಷನ್' ಮುಂತಾದ ಪದಗಳ ಅಂತ್ಯವನ್ನು ಒಡೆಯದೆ ಒಂದೇ ಭಾಗವಾಗಿ ಉಳಿಸಿಕೊಳ್ಳಬೇಕು. ಈ ವಿಭಾಗವನ್ನು ಕಂಡ ಚಿಕ್ಕ ಮಗುವೂ ಉಚ್ಚಾರಣೆಯಲ್ಲಿ ಎಡವುವ ಸಂಭವವಿಲ್ಲ. ನೋಡಲು ಇದು ಅಲ್ಪವಾದ ಬದಲಾವಣೆ. ಗೆರೆಯೊಂದನ್ನು ಒಂದು ಅಕ್ಷರದಷ್ಟು ಆಚೆಗೆ ಸರಿಸಿದ್ದು ಮಾತ್ರ. ಆದರೆ ಅದರ ಹಿಂದೆ ಒಂದು ದೊಡ್ಡ ವಿಚಾರವಿತ್ತು. ಭಾಷೆಗೆ ಪ್ರಮಾಣ ಯಾವುದು? ಲ್ಯಾಟಿನ್ ವ್ಯಾಕರಣವೂ ಅಲ್ಲ, ಲಂಡನ್ನಿನ ರಾಜಸಭೆಯೂ ಅಲ್ಲ. ಜನರ ಸಾಮಾನ್ಯ ರೂಢಿಯೇ ಪ್ರಮಾಣವೆಂದು ವೆಬ್‌ಸ್ಟರನು ನಂಬಿದ್ದನು. ಹೊಲದಲ್ಲಿ ದುಡಿಯುವವನ ಮಗನೂ ನ್ಯಾಯಾಧೀಶನ ಮಗನೂ ಒಂದೇ ಪುಸ್ತಕವನ್ನು ಓದಿ ಒಂದೇ ರೀತಿಯಾಗಿ ಮಾತನಾಡುವಂತಾದರೆ, ಹೊಸದಾಗಿ ಸ್ವತಂತ್ರವಾದ ನಾಡಿನಲ್ಲಿ ಮಾತಿನ ಕಾರಣದಿಂದ ಮೇಲು ಕೀಳು ಹುಟ್ಟಲಾರದೆಂಬುದು ಅವನ ಹಂಬಲವಾಗಿತ್ತು.

ಅವನ ಕಾಗುಣಿತದ ಪುಸ್ತಕವು 1783ರಲ್ಲಿ ಹಾರ್ಟ್‌ಫರ್ಡಿನಲ್ಲಿ ಅಚ್ಚಾಯಿತು. ಅದರ ನೀಲಿ ಬಣ್ಣದ ಹೊದಿಕೆಯಿಂದಾಗಿ ಜನರು ಮುಂದೆ ಅದನ್ನು ನೀಲಿ ಪುಸ್ತಕವೆಂದೇ ಗುರುತಿಸತೊಡಗಿದರು. ಅದರಲ್ಲಿ ಪದಗಳು ಅಕಾರಾದಿಯಾಗಿ ಇರಲಿಲ್ಲ. ಉಚ್ಚಾರಾಂಶಗಳ ಸಂಖ್ಯೆಗೂ ಸ್ವರಾಘಾತದ ಸ್ಥಾನಕ್ಕೂ ತಕ್ಕಂತೆ ಪಟ್ಟಿಗಳಾಗಿದ್ದವು. ಮೊದಲು ಒಂದು ಭಾಗದ ಪದಗಳು. ಬಳಿಕ ಮೊದಲ ಭಾಗದ ಮೇಲೆ ಒತ್ತುಳ್ಳ ಎರಡು ಭಾಗದ ಪದಗಳು. ಆಮೇಲೆ ಎರಡನೆಯ ಭಾಗದ ಮೇಲೆ ಒತ್ತುಳ್ಳವು. ಹೀಗೆ ಮೂರು, ನಾಲ್ಕು, ಐದು ಭಾಗಗಳವರೆಗೆ ಏರುತ್ತ ಹೋಗುವ ಮೆಟ್ಟಿಲುಗಳು. ಒಂದು ಪಟ್ಟಿಯಲ್ಲಿರುವ ಪದಗಳೆಲ್ಲ ಒಂದೇ ಲಯದವು. ಆದುದರಿಂದ ಮಕ್ಕಳು ಒಟ್ಟಾಗಿ ರಾಗದಿಂದ ಹೇಳುತ್ತಿರುವಾಗ, ಒತ್ತು ಎಲ್ಲಿ ಬೀಳಬೇಕೆಂಬುದನ್ನು ಯಾರೂ ವಿವರಿಸದೆಯೇ ಕಿವಿಯು ಗ್ರಹಿಸುತ್ತಿತ್ತು.

ಈ ಪುಸ್ತಕದ ಪರಿಷ್ಕೃತ ರೂಪವು 1829ರಲ್ಲಿ 'ಎಲಿಮೆಂಟರಿ ಸ್ಪೆಲಿಂಗ್ ಬುಕ್' ಎಂಬ ಹೆಸರಿನಿಂದ ಹೊರಬಂದಿತು. ಅದರಲ್ಲಿ ಮೆಟ್ಟಿಲುಗಳು ಏಳು ಎಂಟು ಭಾಗಗಳ ಪದಗಳವರೆಗೂ ಏರಿದವು. 'ಇಮ್ಮೆಟೀರಿಯಾಲಿಟಿ' ಎಂಬುದು ಏಳು ಭಾಗಗಳ ಪದ. ಅದರ ಒತ್ತು ಐದನೆಯ ಭಾಗದ ಮೇಲೆ. 'ಇನ್‌ಕಾಂಪ್ರಿಹೆನ್ಸಿಬಿಲಿಟಿ' ಎಂಬುದು ಎಂಟು ಭಾಗಗಳ ಪದ: ಇನ್–ಕಾಂ–ಪ್ರಿ–ಹೆನ್–ಸಿ–ಬಿಲ್–ಇ–ಟಿ. ಒತ್ತು ಆರನೆಯ ಭಾಗವಾದ 'ಬಿಲ್' ಎಂಬುದರ ಮೇಲೆ. ಇದರ ಜೊತೆಗೆ ಬರುವ ಮತ್ತೊಂದು ಎಂಟು ಭಾಗಗಳ ಪದ 'ಅನ್‌ಇಂಟೆಲಿಜಿಬಿಲಿಟಿ'. ಎರಡಕ್ಕೂ ಅರ್ಥವಾಗದಿರುವಿಕೆ ಎಂಬುದೇ ಅರ್ಥವಾಗಿರುವುದು ಒಂದು ವಿನೋದ. ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ನಿಯಮ ಗೋಚರಿಸುತ್ತದೆ. ಪದವು ಎಷ್ಟೇ ಉದ್ದವಾಗಿರಲಿ, ಅದರ ಕೊನೆಯಲ್ಲಿ 'ಇಟಿ' ಎಂಬ ಪ್ರತ್ಯಯವಿದ್ದರೆ ಒತ್ತು ಅದರ ಹಿಂದಿನ ಭಾಗದ ಮೇಲೆಯೇ ಬೀಳುತ್ತದೆ. 'ಮೆಟೀರಿಯಲ್' ಎಂಬ ಮೂಲಪದದಲ್ಲಿ ಎರಡನೆಯ ಭಾಗದ ಮೇಲಿದ್ದ ಒತ್ತು, 'ಇಟಿ' ಸೇರಿದೊಡನೆ ಮುಂದಕ್ಕೆ ಸರಿಯುತ್ತದೆ. ಇದನ್ನು ತಿಳಿದ ವಿದ್ಯಾರ್ಥಿಗೆ, ಹಿಂದೆಂದೂ ಕಾಣದ ಪದವೂ ಪೂರ್ತಿಯಾಗಿ ಅಪರಿಚಿತವಲ್ಲ.

ಶಾಲೆಗಳಲ್ಲಿ ಇಂತಹ ಪದಗಳನ್ನು ಮಕ್ಕಳು ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಮೊದಲ ಭಾಗದ ಅಕ್ಷರಗಳನ್ನು ಹೇಳಿ ಆ ಭಾಗವನ್ನು ನುಡಿಯುವುದು. ಎರಡನೆಯದನ್ನು ಹೇಳಿ ಎರಡನ್ನೂ ಕೂಡಿಸಿ ನುಡಿಯುವುದು. ಮೂರನೆಯದನ್ನು ಹೇಳಿ ಮೂರನ್ನೂ ಕೂಡಿಸುವುದು. ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನಿಟ್ಟು ಗೋಡೆಯನ್ನು ಕಟ್ಟುವಂತೆ ಪದವನ್ನು ಕಟ್ಟುತ್ತಿದ್ದರು. ಹಳ್ಳಿಗಳಲ್ಲಿ ಸಂಜೆಯ ಹೊತ್ತು ಕಾಗುಣಿತದ ಸ್ಪರ್ಧೆಗಳು ನಡೆಯುತ್ತಿದ್ದವು; ಊರಿನ ಹಿರಿಯರೂ ನೆರೆದು ಕೇಳುತ್ತಿದ್ದರು.

ಪುಸ್ತಕವು ಜನಪ್ರಿಯವಾದೊಡನೆ ವೆಬ್‌ಸ್ಟರನಿಗೆ ಹೊಸ ಚಿಂತೆ ಹುಟ್ಟಿತು. ಗ್ರಂಥಕರ್ತನ ಹಕ್ಕನ್ನು ಕಾಪಾಡುವ ರಾಷ್ಟ್ರವ್ಯಾಪಿಯಾದ ಕಾನೂನು ಆಗ ಇರಲಿಲ್ಲ. ಯಾರು ಬೇಕಾದರೂ ಪುಸ್ತಕವನ್ನು ಕದ್ದು ಅಚ್ಚುಹಾಕಿಕೊಳ್ಳಬಹುದಾಗಿತ್ತು. ಅವನು ರಾಜ್ಯದಿಂದ ರಾಜ್ಯಕ್ಕೆ ಪ್ರಯಾಣ ಮಾಡಿ, ಶಾಸನಸಭೆಗಳ ಸದಸ್ಯರನ್ನು ಕಂಡು, ಗ್ರಂಥಸ್ವಾಮ್ಯದ ಕಾನೂನು ಬೇಕೆಂದು ವಾದಿಸಿದನು. 1785ರಲ್ಲಿ ಜಾರ್ಜ್ ವಾಷಿಂಗ್ಟನ್ನನನ್ನೂ ಅವನ ಮನೆಯಲ್ಲಿ ಭೇಟಿಯಾದನು. 1790ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದಿತು. 1831ರಲ್ಲಿ ಆ ಹಕ್ಕಿನ ಅವಧಿಯನ್ನು ಹೆಚ್ಚಿಸಿದ ಕಾನೂನಿಗೂ, ಎಪ್ಪತ್ತು ದಾಟಿದ ವೆಬ್‌ಸ್ಟರನು ರಾಜಧಾನಿಗೆ ಹೋಗಿ ಶ್ರಮಿಸಿದನು. ಇಷ್ಟಾದರೂ ಅವನು ಧನಿಕನಾಗಲಿಲ್ಲ. ನೀಲಿ ಪುಸ್ತಕದ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದರೂ, ಅವನಿಗೆ ಸಲ್ಲುತ್ತಿದ್ದುದು ಒಂದು ಪ್ರತಿಗೆ ಒಂದು ಸೆಂಟಿಗಿಂತಲೂ ಕಡಿಮೆ. ತುರ್ತು ಬಂದಾಗ ಆ ಹಕ್ಕನ್ನೂ ಅಲ್ಪ ಹಣಕ್ಕೆ ಬಿಟ್ಟುಕೊಡಬೇಕಾಗುತ್ತಿತ್ತು.

1789ರಲ್ಲಿ ಅವನು ರೆಬೆಕಾ ಗ್ರೀನ್‌ಲೀಫ್ ಎಂಬಾಕೆಯನ್ನು ವಿವಾಹವಾದನು. ಸಂಸಾರ ಬೆಳೆಯಿತು. 1793ರಲ್ಲಿ ನ್ಯೂಯಾರ್ಕಿನಲ್ಲಿ ದಿನಪತ್ರಿಕೆಯೊಂದನ್ನು ಆರಂಭಿಸಿ ಕೆಲವು ವರ್ಷ ನಡೆಸಿದನು. 1798ರಲ್ಲಿ ನ್ಯೂಹೇವನ್ನಿಗೆ ಬಂದು ನೆಲಸಿದನು. 1800ರಲ್ಲಿ, ಅಮೆರಿಕದ ಜನರ ಬಳಕೆಗೆ ತಕ್ಕ ಇಂಗ್ಲಿಷ್ ನಿಘಂಟನ್ನು ರಚಿಸುವುದಾಗಿ ಪ್ರಕಟಿಸಿದನು. ಪತ್ರಿಕೆಗಳು ಅವನನ್ನು ಗೇಲಿ ಮಾಡಿದವು. ಇಂಗ್ಲೆಂಡಿನ ಭಾಷೆಯನ್ನು ಕೆಡಿಸಲು ಹೊರಟವನೆಂದು ವಿದ್ವಾಂಸರು ಹಳಿದರು. ವೆಬ್‌ಸ್ಟರನ ಸ್ವಭಾವವೂ ಮೃದುವಾದುದಲ್ಲ. ಅವನು ಅಭಿಮಾನಿ, ಮುಂಗೋಪಿ. ತನ್ನ ಅಭಿಪ್ರಾಯವನ್ನು ಸುಲಭವಾಗಿ ಬಿಟ್ಟುಕೊಡುವವನಲ್ಲ. ಟೀಕಿಸಿದವರೊಡನೆ ಲೇಖನಿಯಿಂದ ಕಾದಾಡಿದನು. ಆದರೆ ಕೆಲಸವನ್ನು ನಿಲ್ಲಿಸಲಿಲ್ಲ. 1806ರಲ್ಲಿ ಒಂದು ಸಂಕ್ಷಿಪ್ತ ನಿಘಂಟು ಹೊರಬಂದಿತು. ದೊಡ್ಡ ನಿಘಂಟಿನ ಕೆಲಸಕ್ಕೆ ಇನ್ನೂ ಎರಡು ದಶಕಗಳು ಹಿಡಿದವು. ನ್ಯೂಹೇವನ್ನಿನ ಖರ್ಚನ್ನು ತಾಳಲಾರದೆ 1812ರಲ್ಲಿ ಆಮ್‌ಹರ್ಸ್ಟ್ ಎಂಬ ಚಿಕ್ಕ ಊರಿಗೆ ಕುಟುಂಬದೊಡನೆ ಹೋಗಿ ಹತ್ತು ವರ್ಷ ವಾಸಿಸಿದನು. ಉದ್ದನೆಯ ದುಂಡು ಮೇಜಿನ ಮೇಲೆ ಹಲವು ಭಾಷೆಗಳ ನಿಘಂಟುಗಳನ್ನೂ ವ್ಯಾಕರಣಗಳನ್ನೂ ಸಾಲಾಗಿ ಜೋಡಿಸಿ, ಒಂದೊಂದು ಪದವನ್ನೂ ಬೆನ್ನಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತ ಅವನು ಕೆಲಸ ಮಾಡುತ್ತಿದ್ದನು.

ಈ ದೀರ್ಘ ಪರಿಶ್ರಮದಲ್ಲಿ ಒಂದು ದೊಡ್ಡ ದೋಷವೂ ಸೇರಿಕೊಂಡಿತು. ಪದಗಳ ಮೂಲವನ್ನು ಅರಸುತ್ತ ಅವನು ಹಲವು ವರ್ಷಗಳನ್ನು ಕಳೆದನು. ಮನುಷ್ಯರೆಲ್ಲರೂ ಆದಿಯಲ್ಲಿ ಒಂದೇ ಭಾಷೆಯನ್ನು ಆಡುತ್ತಿದ್ದರೆಂಬ ಬೈಬಲಿನ ಕಥೆಯನ್ನು ಅಕ್ಷರಶಃ ನಂಬಿ, ಪದಗಳ ಬೇರುಗಳನ್ನೆಲ್ಲ ಪುರಾತನ ಚಾಲ್ಡಿಯನ್ ಭಾಷೆಯ ಕಡೆಗೆ ಎಳೆಯಲು ಯತ್ನಿಸಿದನು. ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ 1786ರಲ್ಲಿಯೇ ಪ್ರತಿಪಾದಿಸಿದ್ದನು. ಆ ದಾರಿಯಲ್ಲಿ ಜರ್ಮನಿಯ ವಿದ್ವಾಂಸರು ಬಹುದೂರ ಸಾಗಿದ್ದರು. ವೆಬ್‌ಸ್ಟರನು ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಮಕ್ಕಳ ಮಾತಿಗೆ ಕಿವಿಗೊಟ್ಟಾಗ ಸತ್ಯವನ್ನು ಕಂಡ ಅವನು, ಮೊದಲೇ ನಿಶ್ಚಯಿಸಿಕೊಂಡ ನಂಬಿಕೆಗೆ ಅಂಟಿಕೊಂಡಾಗ ದಾರಿ ತಪ್ಪಿದನು. ಅವನ ವ್ಯುತ್ಪತ್ತಿಗಳನ್ನು 1864ರ ಪರಿಷ್ಕರಣದಲ್ಲಿ ಜರ್ಮನ್ ವಿದ್ವಾಂಸನೊಬ್ಬನು ಸಂಪೂರ್ಣವಾಗಿ ತಿದ್ದಬೇಕಾಯಿತು.

1824ರಲ್ಲಿ, ಅರುವತ್ತೈದು ವರ್ಷ ವಯಸ್ಸಿನ ವೆಬ್‌ಸ್ಟರನು ತನ್ನ ಮಗನೊಡನೆ ಸಮುದ್ರವನ್ನು ದಾಟಿ ಪ್ಯಾರಿಸ್ಸಿಗೆ ಹೋದನು. ಅಲ್ಲಿಯ ಗ್ರಂಥಾಲಯದಲ್ಲಿ ಕೆಲಸ ಮಾಡಿ, ಅನಂತರ ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಬಂದನು. 1825ರ ಜನವರಿಯಲ್ಲಿ ಅಲ್ಲಿಯೇ ಒಂದು ಕೋಣೆಯಲ್ಲಿ ಕೊನೆಯ ಪದದ ಅರ್ಥವನ್ನು ಬರೆದು ಮುಗಿಸಿದನು. ಆ ಕ್ಷಣದಲ್ಲಿ ಅವನ ಕೈ ನಡುಗಿ, ಲೇಖನಿಯನ್ನು ಹಿಡಿಯುವುದೇ ಕಷ್ಟವಾಯಿತು. ಕೋಣೆಯೊಳಗೆ ಸ್ವಲ್ಪ ಹೊತ್ತು ಅತ್ತಿಂದಿತ್ತ ನಡೆದಾಡಿದ ಮೇಲೆ ಅವನು ಸುಧಾರಿಸಿಕೊಂಡನು.

ಎರಡು ಸಂಪುಟಗಳ ಆ ನಿಘಂಟು 1828ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಪದಗಳಿದ್ದವು. ಜಾನ್‌ಸನ್ನನು 1755ರಲ್ಲಿ ಪ್ರಕಟಿಸಿದ ಪ್ರಸಿದ್ಧ ನಿಘಂಟಿನಲ್ಲಿ ಇದ್ದುದು 42,000ದಷ್ಟು. ಅಮೆರಿಕದ ಕಾಡುಪ್ರಾಣಿಯಾದ 'ಸ್ಕಂಕ್', ಅಲ್ಲಿಯ ಮರವಾದ 'ಹಿಕರಿ' ಮುಂತಾದ ಪದಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಬಣ್ಣವೆಂಬ ಅರ್ಥದ 'ಕಲರ್' ಎಂಬ ಪದದಲ್ಲಿ ಉಚ್ಚಾರವಾಗದ 'ಯು' ಅಕ್ಷರವನ್ನು ಅವನು ಕೈಬಿಟ್ಟನು; ಅಮೆರಿಕದಲ್ಲಿ ಆ ರೂಪವೇ ನೆಲೆನಿಂತಿತು. ನಾಲಗೆಯೆಂಬ ಅರ್ಥದ 'ಟಂಗ್' ಎಂಬ ಪದವನ್ನೂ ನುಡಿದಂತೆಯೇ ಬರೆಯಬೇಕೆಂದು ಸೂಚಿಸಿದನು. ಜನರು ಅದನ್ನು ಒಪ್ಪಲಿಲ್ಲ. ಜನರ ರೂಢಿಯೇ ಪ್ರಮಾಣವೆಂದವನಿಗೆ ಆ ತೀರ್ಪು ಅನ್ವಯಿಸಿತು. ಮೊದಲ ಮುದ್ರಣದ 2,500 ಪ್ರತಿಗಳು ಇಪ್ಪತ್ತು ಡಾಲರ್ ಬೆಲೆಯ ಕಾರಣದಿಂದ ನಿಧಾನವಾಗಿ ಮಾರಾಟವಾದವು. 1841ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸಾಲ ಮಾಡಿ ಎರಡನೆಯ ಆವೃತ್ತಿಯನ್ನು ಹೊರತಂದನು. 1843ರ ಮೇ 28ರಂದು ನ್ಯೂಹೇವನ್ನಿನಲ್ಲಿ ಅವನು ತೀರಿಕೊಂಡನು.

ವೆಬ್‌ಸ್ಟರನ ಕೀರ್ತಿಯನ್ನು ನಿಘಂಟು ವಿದ್ವಾಂಸರ ನಡುವೆ ಹರಡಿದರೆ, ನೀಲಿ ಪುಸ್ತಕವು ಅವನೇ ಊಹಿಸದಿದ್ದ ಮನೆಗಳಿಗೆ ಹೋಯಿತು. ಗುಲಾಮಗಿರಿಯಿಂದ ನಾಡಿಗೆ ಆಗುವ ಕೇಡನ್ನು ಕುರಿತು 1793ರಲ್ಲಿ ಅವನು ಪುಸ್ತಕವನ್ನೇ ಬರೆದಿದ್ದನು. ಆದರೆ ಮುದಿತನದಲ್ಲಿ, ಗುಲಾಮರನ್ನು ಕೂಡಲೇ ಬಿಡುಗಡೆ ಮಾಡಬೇಕೆಂದು ಹೋರಾಡುತ್ತಿದ್ದವರನ್ನು ಅವನು ವಿರೋಧಿಸಿದನು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. ಬಾಲ್ಟಿಮೋರ್ ನಗರದಲ್ಲಿ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಾಸ್ ಎಂಬ ಬಾಲಕನಿಗೆ ಮನೆಯೊಡತಿಯು ಅಕ್ಷರ ಕಲಿಸತೊಡಗಿದಾಗ, ಒಡೆಯನು ಅದನ್ನು ತಡೆದನು. ಬಾಲಕನು ಎದೆಗುಂದಲಿಲ್ಲ. ವೆಬ್‌ಸ್ಟರನ ಪುಸ್ತಕವೊಂದನ್ನು ಯಾವಾಗಲೂ ಕಿಸೆಯಲ್ಲಿಟ್ಟುಕೊಂಡು, ಬೀದಿಯಲ್ಲಿ ಆಡುವ ಬಿಳಿಯ ಹುಡುಗರಿಗೆ ರೊಟ್ಟಿಯನ್ನು ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡನು. ಅವನು 1838ರಲ್ಲಿ ತಪ್ಪಿಸಿಕೊಂಡು ಸ್ವತಂತ್ರನಾಗಿ, ಮುಂದೆ ಗುಲಾಮರ ವಿಮೋಚನೆಗಾಗಿ ದುಡಿದ ಮಹಾವಾಗ್ಮಿಯಾದನು. ಅಂತರ್ಯುದ್ಧವು 1865ರಲ್ಲಿ ಮುಗಿದು ಗುಲಾಮಗಿರಿ ಅಳಿದ ಮೇಲೆ, ಅಕ್ಷರ ಬಾರದ ಒಬ್ಬ ತಾಯಿಯು ತನ್ನ ಮಗನ ಹಂಬಲವನ್ನು ನೋಡಿ, ಎಲ್ಲಿಂದಲೋ ಹಳೆಯ ನೀಲಿ ಪುಸ್ತಕವೊಂದನ್ನು ತಂದುಕೊಟ್ಟಳು. ಕಲಿಸುವವರು ಯಾರೂ ಇಲ್ಲದಿದ್ದರೂ ಅದರಿಂದ ಅಕ್ಷರಗಳನ್ನು ಕಲಿತ ಆ ಬಾಲಕನೇ ಮುಂದೆ ಟಸ್ಕೀಗಿಯಲ್ಲಿ ಕರಿಯರ ವಿದ್ಯಾಸಂಸ್ಥೆಯನ್ನು ಕಟ್ಟಿ ಬೆಳೆಸಿದ ಬುಕರ್ ಟಿ. ವಾಷಿಂಗ್ಟನ್.

ವೆಬ್‌ಸ್ಟರನು ಗುಣದೋಷಗಳೆರಡನ್ನೂ ಉಳ್ಳ ಮನುಷ್ಯನಾಗಿದ್ದನು. ಅವನ ವ್ಯುತ್ಪತ್ತಿಗಳು ಮೂಲೆಗೆ ಸರಿದವು. ಅವನ ಜಗಳಗಳು ಮರೆತುಹೋದವು. ಉಳಿದದ್ದು ಇಕ್ಕಟ್ಟಾದ ಶಾಲೆಯ ಕೋಣೆಯಲ್ಲಿ ತಡವರಿಸಿ ಓದುತ್ತಿದ್ದ ಮಕ್ಕಳನ್ನು ಕಂಡು ಅವನು ಮಾಡಿದ ಕೆಲಸ. ಕಠಿಣವಾದುದನ್ನು ಕಲಿಯುವವನ ನಾಲಗೆಗೆ ಎಟಕುವಂತೆ ಬಿಡಿಸಿಟ್ಟ ಆ ಕೆಲಸವು, ಅವನ ಕಾಲವನ್ನೂ ಅವನ ಅಭಿಪ್ರಾಯಗಳನ್ನೂ ದಾಟಿ ಲಕ್ಷಾಂತರ ಮಕ್ಕಳ ಕೈ ಹಿಡಿದು ನಡೆಸಿತು.